ರಾಯಕೋಟೆಯಿಂದ ಮುಂದೆ ಅಮ್ಮ

ಜನವರಿಯ ಚಳಿಯಲ್ಲಿ ಅವರೆಕಾಯಿ ಮೂಟೆ ಬಿಚ್ಚಿದಾಗ ಗುಪ್ಪೆಂದು ಏಳುತ್ತದಲ್ಲ, ಕೈಗೆ ಅಂಟಿದರೆ ಸೋಪಿಗೂ ಜಗ್ಗದೆ ಸಂಜೆಯವರೆಗೂ ಉಳಿಯುವ ಆ ಸೊಗಡು, ಅದು ನನ್ನನ್ನು ವರ್ಷ ವರ್ಷವೂ ರಾಯಕೋಟೆ ದಾಟಿದ ಮೇಲಿನ ಒಂದು ಟೊಮೆಟೊ ತೋಟಕ್ಕೆ ಕರೆದೊಯ್ದು ನಿಲ್ಲಿಸುತ್ತದೆ. ಮೊನ್ನೆ ಹೊಸೂರು ಮಾರ್ಕೆಟ್ಟಿನಲ್ಲೂ ಹಾಗೇ ಆಯಿತು. ಕಾಯಿ ಆರಿಸುತ್ತಿದ್ದವಳು ಬೆರಳನ್ನು ಮೂಗಿನ ಹತ್ತಿರ ತಂದುಕೊಂಡು ಹಾಗೇ ನಿಂತುಬಿಟ್ಟೆ. "ಯಾಕಕ್ಕಾ, ಕಾಯಿ ಚೆಂದಾಗಿಲ್ವಾ?" ಎಂದು ಅಂಗಡಿಯಾಕೆ ಕೇಳಿದಳು. ಕಾಯಿ ಚೆನ್ನಾಗಿಯೇ ಇತ್ತು. ನನ್ನ ಕಣ್ಣಿಗೆ ಮಾತ್ರ ಅಮ್ಮ ಕಾಣುತ್ತಿದ್ದಳು. ನೀಲಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ ಹಿಡಿದು, ಎದುರಿನ ಖಾಲಿ ರಸ್ತೆಯನ್ನೇ ನೋಡುತ್ತ ನಿಂತಿದ್ದ ಅಮ್ಮ.

ನಾವಾಗ ಹೊಸೂರಿನ ಒಂದು ವಠಾರದಲ್ಲಿದ್ದೆವು. ಅಪ್ಪ ಚನ್ನಪಟ್ಟಣದ ಕಡೆಯವನು, ಫ್ಯಾಕ್ಟರಿ ಕೆಲಸಕ್ಕೆಂದು ಬಂದು ಇಲ್ಲೇ ನೆಲೆ ನಿಂತವನು. ಶಿಫ್ಟು ಮುಗಿಸಿ ಬಂದರೆ ಅವನ ಅಂಗಿಯಿಂದ ಮೆಷಿನ್ ಎಣ್ಣೆಯ ಘಾಟು ಬರುತ್ತಿತ್ತು. ಆದರೂ ಭಾನುವಾರ ಬಂತೆಂದರೆ ಮತ್ತೆ ಎಣ್ಣೆಯ ಡಬ್ಬಿ ಹಿಡಿದು ಅಂಗಳದಲ್ಲಿ ಕೂರುತ್ತಿದ್ದ. ಮನೆಯ ಮೂರೂ ಸೈಕಲ್ಲುಗಳನ್ನು ಎಮ್ಮೆ ಮೈ ತೊಳೆದ ಹಾಗೆ ತಿಕ್ಕಿ ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಪೆಡಲನ್ನು ಕೈಯಲ್ಲಿ ತಿರುಗಿಸಿ ಚಕ್ರದ ಸದ್ದಿಗೆ ಕಿವಿಗೊಡುವುದು ಅವನ ಹಬ್ಬ. ಅಮ್ಮನಿಗೆ ಸೈಕಲ್ ಕಲಿಸಿದವನೂ ಅವನೇ, ನಾವಿಬ್ಬರು ಹೆಣ್ಣುಮಕ್ಕಳು ಹುಟ್ಟಿದ ಎಷ್ಟೋ ವರ್ಷದ ಮೇಲೆ. ಅಮ್ಮ ಮೊಣಕೈ ತರಚಿಕೊಂಡು ಬಂದಾಗೆಲ್ಲ ಎದುರುಮನೆಯ ಸರೋಜಕ್ಕ ನಲ್ಲಿಯ ಹತ್ತಿರ ನಿಂತು, "ಮಕ್ಳ ತಾಯಿ ಸೈಕಲ್ ಕಲ್ತು ಯಾವೂರ್ಗೆ ಟಪಾಲು ಹಂಚ್ಬೇಕೇ ಜಯಾ?" ಎಂದು ನಗುತ್ತಿದ್ದಳು. ವಠಾರವೆಲ್ಲ ನಗುತ್ತಿತ್ತು. ಅಮ್ಮನೂ ನಕ್ಕು ಒಳಗೆ ಬಂದು, ಒಲೆಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳು.

ಆ ವರ್ಷದ ಪೊಂಗಲ್ ರಜಕ್ಕೆ ಅಪ್ಪ ಸೈಕಲ್ಲಿನಲ್ಲೇ ಹೊಗೇನಕಲ್ಲಿಗೆ ಹೋಗಿ ಬರೋಣವೆಂದ. ಅಪ್ಪನ ಕ್ಯಾರಿಯರಿನಲ್ಲಿ ತಂಗಿ ಸುಧಾ, ಅಮ್ಮನ ಕ್ಯಾರಿಯರಿನಲ್ಲಿ ಬಟ್ಟೆಗಂಟು, ಪುರಿ, ಚಕ್ಕುಲಿ. ನನ್ನದು ನನ್ನ ಪುಟ್ಟ ಸೈಕಲ್ಲು. ಗುರುತಿದ್ದವರ ಮನೆಗಳಲ್ಲಿ ಮಲಗುತ್ತ ಹೋದೆವು. ಕಾವೇರಿ ಬಂಡೆಗಳ ನಡುವೆ ಹೊಗೆಯಾಗಿ ಏಳುವುದನ್ನು ನೋಡಿದೆವು, ಮೀನು ತಿಂದೆವು. ಧರ್ಮಪುರಿ ಹಾದು ಕೃಷ್ಣಗಿರಿಗೆ ಬಂದೆವು. ದಾರಿಯುದ್ದಕ್ಕೂ ಅಮ್ಮ ಅಪ್ಪನ ಬೆನ್ನಿನಿಂದ ಕಣ್ಣು ತೆಗೆಯಲಿಲ್ಲ. ಅಪ್ಪ ಎಡಕ್ಕೆ ಸರಿದರೆ ಎಡಕ್ಕೆ, ನಿಂತರೆ ನಿಲ್ಲುವುದು. ಕಾವೇರಿ ಬಿಟ್ಟರೆ ಈ ಪ್ರವಾಸದಲ್ಲಿ ತಾನು ನೋಡಿದ್ದು ಅಪ್ಪನ ಅಂಗಿಯ ಬೆವರು ಮತ್ತು ಸುಧಾಳ ಜಡೆ ಮಾತ್ರ ಎಂದು ಅವಳೇ ಹೇಳಿ ನಗುತ್ತಿದ್ದಳು.

ಕೊನೆಯ ದಿನ ಬೆಳಿಗ್ಗೆ ಕೃಷ್ಣಗಿರಿಯಿಂದ ಹೊರಟಾಗ ಮಂಜು ಇನ್ನೂ ಕರಗಿರಲಿಲ್ಲ. ಮಾವಿನ ತೋಪುಗಳು ಹೂ ಬಿಟ್ಟು, ರಸ್ತೆಯ ಎರಡೂ ಬದಿಯಿಂದ ಸಿಹಿಯೂ ಒಗರೂ ಆದ ಗಾಳಿ ಬೀಸುತ್ತಿತ್ತು. ಹಬ್ಬಕ್ಕೆ ಕೊಂಬಿಗೆ ಬಣ್ಣ ಬಳಿಸಿಕೊಂಡ ದನಗಳು ಹಸಿರು, ಕೆಂಪು ಕೊಂಬು ಹೊತ್ತು ಗಂಭೀರವಾಗಿ ಎದುರಾಗುತ್ತಿದ್ದವು. ಅಪ್ಪ ಖುಷಿಯಲ್ಲಿದ್ದ. ಸಂಜೆ ವಠಾರದೊಳಗೆ ಹೇಗೆ ನುಗ್ಗಬೇಕೆಂದು ಸುಧಾಳಿಗೆ ಹೇಳಿಕೊಡುತ್ತಿದ್ದ: ಮೊದಲು ತಾನು, ಹಿಂದೆ ಅಮ್ಮ, ಆಮೇಲೆ ನಾನು, ಎಲ್ಲರೂ ಬೆಲ್ ಹೊಡೆಯುತ್ತಲೇ ಹೋಗಬೇಕು. ಬಸ್ಸು ಹತ್ತಿ ವಾಪಸ್ ಬರುತ್ತೀಯ ನೋಡು ಎಂದು ಫ್ಯಾಕ್ಟರಿಯ ಗೆಳೆಯರು ಛೇಡಿಸಿದ್ದರು. ಅವರಿಗೆಲ್ಲ ಅವನು ಮಾತು ಕೊಟ್ಟಿದ್ದ.

ರಾಯಕೋಟೆಯ ಕೋಟೆಬೆಟ್ಟ ಹಿಂದಕ್ಕೆ ಸರಿದು ಸ್ವಲ್ಪ ಹೊತ್ತಾಗಿತ್ತು. ಒಂದು ಇಳಿಜಾರಿನಲ್ಲಿ ಅಪ್ಪನ ಮುಂದಿನ ಚಕ್ರ ಗುಂಡಿಗೆ ಇಳಿದು, ಲಟ್ಟೆಂದು ಸದ್ದಾಯಿತು. ಅಪ್ಪನೂ ಸುಧಾಳೂ ಒಟ್ಟಿಗೆ ಮಣ್ಣಿಗೆ ಉರುಳಿದರು. ಪಕ್ಕದ ತೋಟದಲ್ಲಿ ಟೊಮೆಟೊ ಕೀಳುತ್ತಿದ್ದ ಗಂಡ ಹೆಂಡತಿ ಓಡಿ ಬಂದರು. "ಅಯ್ಯೋ, ಮೊದ್ಲು ಮಗೀನ ನೋಡು!" ಎಂದು ಗಂಡ ಕೂಗಿದ. ಸುಧಾ ಅಪ್ಪನ ಮೇಲೆಯೇ ಬಿದ್ದಿದ್ದರಿಂದ ಅವಳಿಗೆ ಏನೂ ಆಗಿರಲಿಲ್ಲ. ಅಪ್ಪನ ಮೊಣಕೈ ತರಚಿ ರಕ್ತ ಒಸರುತ್ತಿತ್ತು. ಸೈಕಲ್ಲಿನ ಮುಂದಿನ ಚಕ್ರ ಹಿಡಿದಿಡುವ ಫೋರ್ಕು ಬುಡದಲ್ಲೇ ಸೀಳಿ, ಚಕ್ರ ಕತ್ತು ಮುರಿದ ಕೋಳಿಯ ಹಾಗೆ ವಾಲಿಕೊಂಡಿತ್ತು.

ಆ ರೈತನ ಹೆಸರು ಮುನಿಯಪ್ಪ. ಸೈಕಲ್ ಎತ್ತಿ ನಿಲ್ಲಿಸುತ್ತ, "ಮಕ್ಳು ಮರಿ ಕಟ್ಕೊಂಡು ಎಲ್ಲಿಂದ ಬತ್ತಾ ಇದ್ದೀರಾ ಸಾರ್?" ಎಂದು ಕೇಳಿದ.

"ಹೊಗೇನಕಲ್ಲಿಂದ."

"ಸೈಕಲ್ನಾಗಾ? ಯಾಕ್ ಸಾರ್, ಬಸ್ಸಿರ್ನಿಲ್ವಾ?"

ಮೊಣಕೈ ಉರಿಯುತ್ತಿದ್ದರೂ ಅಪ್ಪ ನಕ್ಕುಬಿಟ್ಟ. ಹಬ್ಬದ ರಜ, ವೆಲ್ಡಿಂಗ್ ಅಂಗಡಿಯವರೆಲ್ಲ ಬಾಗಿಲು ಹಾಕಿಕೊಂಡು ಊರಿಗೆ ಹೋಗಿದ್ದರು. ಮಧ್ಯಾಹ್ನದ ಮೇಲೆ ಟೊಮೆಟೊ ತುಂಬಿಕೊಂಡು ಹೊಸೂರಿಗೆ ಹೋಗುವ ತನ್ನ ಟೆಂಪೋದಲ್ಲಿ ಮುರಿದ ಸೈಕಲ್ಲನ್ನು ಮೇಲೆ ಕಟ್ಟಿಕೊಂಡು ಹೋಗಬಹುದೆಂದೂ, ತನ್ನ ಪಕ್ಕದಲ್ಲಿ ಒಬ್ಬರು ದೊಡ್ಡವರು, ಒಂದು ಮಗು ಕೂರಬಹುದೆಂದೂ ಮುನಿಯಪ್ಪ ಹೇಳಿದ. ಅಷ್ಟರಲ್ಲಿ ಅವನ ಹೆಂಡತಿ ನಮ್ಮನ್ನು ಮನೆಯ ಜಗಲಿಗೆ ಕರೆದು ಕೂರಿಸಿ, ಬಿಸಿ ರಾಗಿಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಆಗಷ್ಟೇ ಬಿಡಿಸಿದ ಕಾಳು. ಜಗಲಿಯ ತುಂಬ ಸಿಪ್ಪೆಯ ಸೊಗಡು. ಆಕೆಗೆ ತೆಲುಗು ಹೆಚ್ಚು, ಕನ್ನಡ ಕಡಿಮೆ. ಆದರೂ ಬೇಡ ಬೇಡ ಎನ್ನುವ ನಮ್ಮ ಕೈಗಳನ್ನು ಸರಿಸಿ ಸರಿಸಿ ಇನ್ನೊಂದು ಸೌಟು ಸುರಿಯುವುದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

ಊಟವಾದ ಮೇಲೆ ಅಮ್ಮ ಮೆಲ್ಲಗೆ ಹೇಳಿದಳು: "ನೀವು ನನ್ ಸೈಕಲ್ ತಗೊಂಡು ದೊಡ್ಡವಳ ಜೊತೆ ಹೋಗ್ಬುಡಿ. ನಾನೂ ಸುಧಾನೂ ಟೆಂಪೋದಲ್ಲಿ ಬತ್ತೀವಿ. ಎಲ್ರಿಗೂ ಹೇಳ್ಕೊಂಡು ಬಂದಿದ್ದೀರಲ್ಲ, ಸೈಕಲ್ನಾಗೇ ವಾಪಸ್ ಬತ್ತೀನಿ ಅಂತ."

ಅಪ್ಪ ಮೊಣಕೈಗೆ ಸುತ್ತಿದ್ದ ಒದ್ದೆ ಬಟ್ಟೆಯನ್ನು ಬಿಚ್ಚಿ, ಹಿಂಡಿ, ಮತ್ತೆ ಸುತ್ತಿಕೊಂಡ. ಆಮೇಲೆ, "ನೀನೇ ಹೋಗು ಜಯಾ" ಎಂದ.

"ನಾನಾ? ಒಬ್ಳೇನಾ?"

"ಒಬ್ಳೆಲ್ಲಿ? ಮಗಳವ್ಳಲ್ಲ."

"ನಿಮ್ ಹಿಂದೆ ಹೋಗಿ ಅಭ್ಯಾಸ ನಂಗೆ. ಮುಂದೆ ಯಾರೂ ಇಲ್ದಿದ್ರೆ ಕೈ ನಡುಗ್ತದೆ."

"ನಡುಗಿದ್ರೆ ನಿಂತ್ಕೋ. ಒಂದ್ ಗುಟುಕು ನೀರು ಕುಡಿ. ತಿರ್ಗಾ ಹತ್ತು, ಅಷ್ಟೇಯ."

ಅಮ್ಮ ಅವನ ಮುಖವನ್ನೇ ನೋಡಿದಳು. ಅವನು ನೋಟ ತಪ್ಪಿಸಿ ಸುಧಾಳ ಬಾಯಿ ಒರೆಸತೊಡಗಿದ. ಮುನಿಯಪ್ಪನ ಹೆಂಡತಿಗೆ ಎಷ್ಟು ಅರ್ಥವಾಯಿತೋ, ಅಮ್ಮನ ಭುಜ ತಟ್ಟಿ, "ಪೋಮ್ಮಾ, ಏಮೀ ಕಾದು" ಎಂದಳು. ಹೋಗಮ್ಮ, ಏನೂ ಆಗಲ್ಲ ಎಂದು. ಅಮ್ಮ ಸೆರಗು ಸಿಕ್ಕಿಸಿಕೊಂಡು, ಹ್ಯಾಂಡಲ್ ಹಿಡಿದು, ರಸ್ತೆಯನ್ನು ನೋಡುತ್ತ ನಿಂತದ್ದು ಆಗಲೇ.

ಮೊದಲು ಅವಳ ಸೈಕಲ್ಲು ತುಯ್ದಾಡಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಬ್ಬಿನ ಲಾರಿಯೊಂದು ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆದು ದಾಟಿತು. ಅಮ್ಮ ಕಾಲೂರಿ ನಿಂತುಬಿಟ್ಟಳು. ಬಾಟಲಿ ಎತ್ತಿ ಕುಡಿಯುವಾಗ ನೀರು ಗದ್ದದ ಮೇಲೆಲ್ಲ ಚೆಲ್ಲಿತು. ವಾಪಸ್ ಹೋಗೋಣವೇ ಎಂದು ಕೇಳಲು ನಾನು ಬಾಯಿ ತೆರೆಯುವ ಮೊದಲೇ ಅವಳು ಪೆಡಲ್ ತುಳಿದಾಗಿತ್ತು. ಅಲ್ಲಿಂದಾಚೆ ಅವಳು ನಿಲ್ಲಲಿಲ್ಲ. ಕೆಲಮಂಗಲ ಬರುವ ಹೊತ್ತಿಗೆ ಅವಳ ಭುಜ ಸಡಿಲವಾಗಿತ್ತು. ಹೂ ಮಾರುವವರ ನಡುವೆ, ಅಡ್ಡ ಬಂದ ಕುರಿಗಳ ನಡುವೆ ಬೆಲ್ ಹೊಡೆಯುತ್ತ ದಾರಿ ಮಾಡಿಕೊಂಡು ನುಸುಳಿದಳು. ಆಮೇಲೆ ಮಾತು ಶುರುವಾಯಿತು. ಹುರುಳಿ ಹೊಲ ನೋಡೇ, ಆ ಬಂಡೆ ಆನೆ ಮಲಗಿದಂಗೈತೆ ನೋಡೇ, ಎಂದು ರಸ್ತೆಯ ಮೇಲಿನ ಕಣ್ಣು ಕದಲಿಸದೆ ಒಂದೊಂದನ್ನೇ ಹೇಳುತ್ತ ಹೋದಳು. ನಡುನಡುವೆ "ಬತ್ತಾ ಇದ್ದೀಯೇನೇ?" ಎಂದು ಕೂಗುತ್ತಿದ್ದಳು. ನಾನು ಬೆಲ್ ಹೊಡೆದು ಉತ್ತರ ಕೊಡುತ್ತಿದ್ದೆ.

ಹೊಸೂರಿನ ಬೆಟ್ಟದ ಮೇಲಿನ ಗುಡಿಗೆ ದೀಪ ಹತ್ತುವ ಹೊತ್ತಿಗೆ ವಠಾರ ಸೇರಿದೆವು. ನಲ್ಲಿಯ ಹತ್ತಿರವಿದ್ದ ಸರೋಜಕ್ಕ ಕೊಡ ಕೆಳಗಿಟ್ಟು ಓಡಿ ಬಂದಳು. "ಅಯ್ಯೋ, ಯಜಮಾನ್ರೆಲ್ಲಿ ಜಯಾ?"

"ಹಿಂದೆ ಬತ್ತಾವ್ರೆ" ಎಂದಳು ಅಮ್ಮ.

ಸರೋಜಕ್ಕ ಅಮ್ಮನ ಧೂಳು ಮೆತ್ತಿದ ಮುಖವನ್ನೂ ಸೈಕಲ್ಲನ್ನೂ ನೋಡಿದಳು. ಹ್ಯಾಂಡಲ್ ತನ್ನ ಕೈಗೆ ತೆಗೆದುಕೊಂಡು, ತಾನೇ ತಳ್ಳಿಕೊಂಡು ಹೋಗಿ ಗೋಡೆಗೆ ಒರಗಿಸಿದಳು. ಮುಂದಿನ ಬೇಸಿಗೆಯಲ್ಲಿ ಅವಳ ಮಗಳು ಸೈಕಲ್ ಕಲಿತದ್ದು ಅಮ್ಮನ ಹತ್ತಿರವೇ.

ಒಲೆಯ ಮೇಲೆ ಅನ್ನ ಕುದಿಯುವಾಗ ಟೆಂಪೋ ಬಂತು. ಅಪ್ಪ ಮಡಿಲ ತುಂಬ ಟೊಮೆಟೊ ತುಂಬಿಕೊಂಡು ಇಳಿದ. ಲೋಡಾಗುವುದು ತಡವಾಯಿತು ಎಂದ. ಅಮ್ಮನಿಗೆ, "ಬಿದ್ಯಾ?" ಎಂದು ಕೇಳಿದ. ಇಲ್ಲ ಎಂದಳು. "ನಿಂತ್ಯಾ?" ಎಂದ. ಒಂದೇ ಸಲ ಎಂದಳು. ಅಷ್ಟೇ ಅವರ ಮಾತು. ಮಾರನೆಯ ದಿನ ಫ್ಯಾಕ್ಟರಿಯ ಗೆಳೆಯರು ಟೆಂಪೋ ಸವಾರಿಯೆಂದು ನಕ್ಕಾಗ ಅಪ್ಪನೂ ಅವರೊಂದಿಗೆ ನಕ್ಕನಂತೆ.

ಆ ವಠಾರ ಈಗಿಲ್ಲ, ಅಲ್ಲೊಂದು ಬಟ್ಟೆ ಅಂಗಡಿ ಎದ್ದಿದೆ. ಸರೋಜಕ್ಕನ ಮನೆಯವರು ಎಲ್ಲಿ ಹೋದರೋ ತಿಳಿಯದು. ಅಪ್ಪ ತೀರಿಕೊಂಡು ಕೆಲವು ವರ್ಷಗಳಾದವು, ಕಳೆದ ಮಳೆಗಾಲದಲ್ಲಿ ಅಮ್ಮನೂ ಹೊರಟುಹೋದಳು. ಅವಳ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನೂ ಸುಧಾಳೂ ಹಜಾರದಲ್ಲಿ ಕೂತಿದ್ದೆವು. ಆಗ ಸುಧಾ ಹೇಳಿದಳು, ಲೋಡು ತಡವಾಗಿರಲೇ ಇಲ್ಲವಂತೆ. ಕೆಲಮಂಗಲ ದಾಟುತ್ತಿದ್ದಂತೆಯೇ ಟೆಂಪೋದವರಿಗೆ ನಾವು ಕಂಡಿದ್ದೆವಂತೆ. ಅಪ್ಪ ಮುನಿಯಪ್ಪನ ತೋಳು ಹಿಡಿದು, "ದಾಟ್ಬೇಡಪ್ಪಾ, ಹಿಂದೇನೇ ಇರು" ಎಂದನಂತೆ. ಸ್ವಲ್ಪ ದೂರ ಬರುವುದು, ಮರದಡಿ ನಿಲ್ಲಿಸುವುದು, ನಾವು ಕಣ್ಣಂಚಿಗೆ ಹೋದ ಮೇಲೆ ಮತ್ತೆ ಹೊರಡುವುದು. ಹೀಗೆಯೇ ಹೊಸೂರಿನ ತನಕ. ಮಾರ್ಕೆಟ್ಟಿಗೆ ಹೊತ್ತಾಗುತ್ತಿದ್ದರೂ ಮುನಿಯಪ್ಪ ಅಪ್ಪ ಹೇಳಿದಂತೆಯೇ ಓಡಿಸಿದನಂತೆ. ಅಮ್ಮನಿಗೆ ಹೇಳಬಾರದೆಂದು ಅಪ್ಪ ಸುಧಾಳಿಂದ ಆಣೆ ಹಾಕಿಸಿಕೊಂಡಿದ್ದ. ಅವಳು ಆ ಮಾತನ್ನು ಇಷ್ಟು ವರ್ಷ ಉಳಿಸಿಕೊಂಡಿದ್ದಳು.

"ಅಪ್ಪಂಗೆ ಭಯ ಆಗಿತ್ತೇನೇ?" ಎಂದು ಕೇಳಿದೆ.

"ಮೊದ್ಲು ಆಗಿತ್ತು ಅನ್ಸುತ್ತೆ" ಎಂದಳು ಸುಧಾ. "ಆಮೇಲೆ ನನ್ನ ತೊಡೆ ಮೇಲೆ ಎತ್ತಿ ನಿಲ್ಲಿಸ್ಕೊಂಡು ತೋರಿಸ್ದ. ನೋಡು ಮಗಾ, ನಿಮ್ಮಮ್ಮ ಒಂದ್ಸಲಾನೂ ತಿರುಗಿ ನೋಡ್ಲಿಲ್ಲ ನೋಡು, ಅಂದ."