ಅತ್ತೆ ಗಂಟು ಹಾಕಿದ ರೇಷ್ಮೆ ದಾರ

ಬೀರು ಒರೆಸುವಾಗ ಬಳೆಪೆಟ್ಟಿಗೆಯಲ್ಲಿ ರೇಷ್ಮೆ ದಾರದ ಕುಣಿಕೆಯೊಂದು ಸಿಕ್ಕಿತು. ಮೂಗಿಗೆ ಹಿಡಿದರೆ ಬೆಂದ ರೇಷ್ಮೆಗೂಡಿನ ಕಮಟು ವಾಸನೆ ಇನ್ನೂ ಇತ್ತು... ಎದುರುಮನೆ ಅತ್ತೆ ಕಣ್ಣಮುಂದೆ ಬಂದು ನಿಂತರು.

ಅತ್ತೆ ಎಂದರೆ ಬಂಧುವಲ್ಲ. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದವರು, ಬೀದಿಗೆಲ್ಲ ಅತ್ತೆ. ನನ್ನ ಬಲತೋಳಿನಲ್ಲಿ ಗಟ್ಟಿ ಗಡ್ಡೆ ಎದ್ದಾಗ ಬೆಂಗಳೂರಿನ ಆಸ್ಪತ್ರೆಗೆ ಜೊತೆಗೆ ಬಂದವರೂ ಅವರೇ. ಇದು ಡೆಸ್ಮಾಯ್ಡ್ ಗಡ್ಡೆ, ದೇಹದ ಬೇರೆ ಕಡೆ ಹರಡುವುದಿಲ್ಲ, ಆದರೆ ಇದ್ದಲ್ಲೇ ಬೇರು ಬಿಟ್ಟು ನರ ಹಿಸುಕಬಹುದು ಎಂದರು ಡಾಕ್ಟರು. ಕೊಯ್ದರೂ ಮತ್ತೆ ಬರುವುದುಂಟು, ಬೆರಳಿನ ಬಲವೂ ಹೋದೀತು. ಕೆಲವು ತಾವಾಗಿಯೇ ಕುಗ್ಗುತ್ತವೆ. ಸದ್ಯಕ್ಕೆ ಸ್ಕ್ಯಾನ್ ಮಾಡುತ್ತಾ ಕಾಯೋಣ, ಬೆಳೆದರೆ ಮಾತ್ರೆ ಶುರು ಮಾಡೋಣ ಎಂದರು.

ನಾನು ಶಾಲೆಯ ಟೀಚರು. ಕೈಯೇ ಹೋದರೆ ಬೋರ್ಡಿನ ಮುಂದೆ ನಿಂತು ಏನು ಮಾಡಲಿ ಎಂದು ಬೆವರಿಬಿಟ್ಟಿದ್ದೆ. ಅತ್ತೆಗೆ ಮಾತ್ರ ಸಿಟ್ಟು.

"ಕೊಯ್ಯೋದೂ ಇಲ್ಲ, ಮಾತ್ರೇನೂ ಇಲ್ಲ. ಇವ್ರೇನು ಡಾಕ್ಟ್ರಾ, ಬಸ್ಸಿಗೆ ಕಾಯೋರಾ?"

ಸುಮ್ಮನೆ ಕಾಯುವುದು ಅವರ ಜಾಯಮಾನವೇ ಅಲ್ಲ. ಮರುದಿನ ರಾಟೆಯಿಂದ ಆಗಷ್ಟೇ ಬಂದ ಎಳೆಗಳನ್ನು ಹುರಿಮಾಡಿ, ಗಡ್ಡೆಯ ಮೇಲೆ ತೋಳಿಗೆ ಸುತ್ತಿ, ಗಂಟು ಹಾಕಿ, ಮೆಲ್ಲಗೆ ಜಾರಿಸಿ ತೆಗೆದು ದೇವರ ಗೂಡಿನಲ್ಲಿಟ್ಟರು. "ದಪ್ಪ ಆದ್ರೆ ಇದೇ ಹೇಳ್ತದೆ ಕಣಮ್ಮ."

ಕೆಲವು ವಾರ ಬಿಟ್ಟು ತೊಡಿಸಲು ಹೋದರೆ ಕುಣಿಕೆ ಗಡ್ಡೆಯ ಮೇಲೆ ಏರಲೇ ಇಲ್ಲ! "ಅಯ್ಯೋ ದೇವುಡಾ, ಬೆಳ್ದುಬಿಟ್ಟಿದೆ!" ಎಂದು ಬೀದಿಗೆಲ್ಲ ಕೇಳುವಂತೆ ಅತ್ತರು. ಮೊದಲ ಬಸ್ಸಿಗೇ ಬೆಂಗಳೂರಿಗೆ ಓಡಿದೆವು.

"ಬೆಳೆದಿಲ್ಲಮ್ಮ, ಚೂರು ಕುಗ್ಗಿದೆ. ಬೆಳೆದಿದೆ ಅಂತ ಯಾರು ಹೇಳಿದ್ದು?" ಎಂದರು ಡಾಕ್ಟರು, ಸ್ಕ್ಯಾನ್ ನೋಡಿ.

ಅತ್ತೆ ಸೆರಗಿನ ಗಂಟಿನಿಂದ ದಾರ ತೆಗೆದರು. ಬೆರಳಲ್ಲಿ ಉಜ್ಜಿ ನೋಡಿದವರೇ ಹಣೆ ಚಚ್ಚಿಕೊಂಡರು. "ಥೂ ನನ್ನ! ಒದ್ದೆ ನೂಲಲ್ಲಿ ಅಳತೆ ತಗೊಂಡಿದೀನಿ. ಒಣಗಿದ್ರೆ ಕುಗ್ಗಲ್ವಾ ಇದು!" ಬದುಕೆಲ್ಲ ನೂಲಿನಲ್ಲೇ ಕಳೆದವರು, ನನಗೇನಾಗುವುದೋ ಎಂಬ ಹೆದರಿಕೆಯಲ್ಲಿ ಅದನ್ನೇ ಮರೆತಿದ್ದರು... ಡಾಕ್ಟರ ಎದುರೇ ಇಬ್ಬರೂ ಅಳುತ್ತಾ ನಕ್ಕೆವು. ಅಬ್ಬಾ, ಹೋದ ಜೀವ ಬಂದಂತಾಗಿತ್ತು! ಆ ದಾರವನ್ನು ನಾನೇ ಇಸಿದುಕೊಂಡು ಬಂದು ಬಳೆಪೆಟ್ಟಿಗೆಯಲ್ಲಿಟ್ಟೆ.

ಆಮೇಲೆ ಗಡ್ಡೆ ಕುಗ್ಗುತ್ತಲೇ ಹೋಯಿತು, ಮಾತ್ರೆ ಬೇಕಾಗಲೇ ಇಲ್ಲ. ಕೊನೆಯ ಸ್ಕ್ಯಾನಿನ ಹೊತ್ತಿಗೆ ಅತ್ತೆ ಇರಲಿಲ್ಲ. ಎದೆನೋವು ಬಂದು ಹೋಗಿಬಿಟ್ಟಿದ್ದರು.

ಇವತ್ತು ಅದೇ ಕುಣಿಕೆಯನ್ನು ತೋಳಿಗೇರಿಸಿದೆ. ಅಂದು ಏರದೆ ನಿಂತಿದ್ದ ದಾರ ಸಲೀಸಾಗಿ ಏರಿತು, ಕೈ ಬಿಟ್ಟರೆ ಮೊಣಕೈಗೆ ಜಾರಿತು. ಖುಷಿಯಲ್ಲಿ ಬಾಗಿಲಿಗೆ ಓಡಿ "ಅತ್ತೇ, ಇಲ್ಲಿ ನೋಡಿ!" ಎಂದು ಕೂಗಿಯೇಬಿಟ್ಟೆ.

"ಏನಮ್ಮಾ?" ಎಂದು ಎದುರುಮನೆಯ ಬಾಗಿಲು ತೆರೆದವರು ಹೊಸ ಬಾಡಿಗೆಯವರು.