ಒಬ್ಬರೇ ಕೇಳಿದ ಹಾಡು

ಹೋದ ವಾರ ಷುಗರ್ ಪರೀಕ್ಷೆಗೆ ರಕ್ತ ಕೊಡಲು ಹೋಗಿದ್ದೆ. ಲ್ಯಾಬಿನ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೋಳಿಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಆ ಕುರ್ಚಿಯಲ್ಲಿ ಇರಲೇ ಇಲ್ಲ. ಟೈಪಿಂಗ್ ಕ್ಲಾಸಿನ ಪುಸ್ತಕವನ್ನು ಎದೆಗವಚಿಕೊಂಡು ಮಾರೇನಹಳ್ಳಿಯ ಕ್ಯಾಸೆಟ್ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. "ನೋವಾಯ್ತಾ ಆಂಟಿ?" ಎಂದು ಹುಡುಗಿ ಕೇಳುವ ಹೊತ್ತಿಗೆ ಸೂಜಿ ಚುಚ್ಚಿ ತೆಗೆದದ್ದೂ ಆಗಿತ್ತು.

ಆ ಅಂಗಡಿಯವರು ಪ್ರತಿ ಕ್ಯಾಸೆಟ್ ತುಂಬಿಸುವ ಮೊದಲು ಹೀಗೆಯೇ ಸ್ಪಿರಿಟ್ ಹತ್ತಿಯಿಂದ ಯಂತ್ರದೊಳಗೆ ಟೇಪು ತಾಗಿ ಓಡುವ ಹೆಡ್ ಒರೆಸುತ್ತಿದ್ದರು. ಎಂಬತ್ತರ ದಶಕದ ನಡುವಿನ ಮಾತು. ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದು ಖಾಲಿ ಕ್ಯಾಸೆಟ್ಟಿನ ಜೊತೆ ಕೊಟ್ಟರೆ, ಎರಡು ದಿನ ಬಿಟ್ಟು ಅವೇ ಹಾಡುಗಳನ್ನು ತುಂಬಿಸಿ ಕೊಡುತ್ತಿದ್ದ ಕಾಲ. ಅದು ಕಾನೂನಿಗೆ ಸರಿಯೋ ತಪ್ಪೋ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾವೆಲ್ಲ ಅವರನ್ನು ಕ್ಯಾಸೆಟ್ ಅಣ್ಣ ಎನ್ನುತ್ತಿದ್ದೆವು. ನಲವತ್ತು ದಾಟಿದ ಮನುಷ್ಯ. ಎಡಗಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಅದು ಬರೆಯಲಿಕ್ಕಲ್ಲ, ಸಡಿಲವಾದ ಟೇಪು ಸುತ್ತಲಿಕ್ಕೆ. ಎಂಟು ವರ್ಷದ ಮಕ್ಕಳಿಗೂ 'ನೀವು' ಎನ್ನುತ್ತಿದ್ದರು. ಮೊದಲು ಯಾವುದೋ ಮಿಲ್ಲಿನಲ್ಲಿದ್ದು, ಮಗ್ಗಗಳ ಸದ್ದಿಗೆ ಬಲಗಿವಿ ಪೂರ್ತಿ ಹೋಗಿತ್ತು. ಕಿವುಡ ಹಾಡಿನಂಗಡಿ ಇಟ್ಟನಂತೆ ಎಂದು ನಗುವವರಿದ್ದರು. ಅವರೂ ಸೇರಿಕೊಂಡು ನಗುತ್ತಿದ್ದರು. ಆದರೆ ಕೆಲಸದಲ್ಲಿ ಕಟ್ಟುನಿಟ್ಟು. ಸ್ಟೀರಿಯೋದಲ್ಲಿ ಎಡಗಡೆ ಬರುವ ಸದ್ದನ್ನು ತಾವು ಕೇಳಿ, ಆಮೇಲೆ ಅಂಗಡಿಗೆ ಬಂದವರ ತಲೆಗೆ ಹೆಡ್‌ಫೋನ್ ಸಿಕ್ಕಿಸಿ, "ಬಲಗಡೆ ಸರಿಯಾಗಿ ಬರ್ತಾ ಇದ್ಯಾ, ಸ್ವಲ್ಪ ನೋಡ್ರಮ್ಮ" ಎನ್ನುತ್ತಿದ್ದರು.

ಆ ವರ್ಷ ಅವರ ಬಲಗಿವಿಯ ಕೆಲಸ ನನ್ನ ಪಾಲಿಗೆ ಬಂತು. ಶಿವರಾತ್ರಿಯ ಆಸುಪಾಸಿನಲ್ಲಿ ಅಪ್ಪ ತೀರಿಕೊಂಡಿದ್ದರು. ವರ್ಷ ತುಂಬುವ ತನಕ ಮನೆಯಲ್ಲಿ ಹಬ್ಬವಿಲ್ಲ, ಹಾಡಿಲ್ಲ. ರೇಡಿಯೋ, ಕ್ಯಾಸೆಟ್ ಎರಡೂ ಹಾಡುವ ಟೂ-ಇನ್-ಒನ್ ಮೇಲೆ ಅಮ್ಮ ಅಪ್ಪನ ಹಳೆಯ ಟವೆಲ್ ಹೊದಿಸಿದ್ದಳು. ಅಪ್ಪ ಬೆಳಿಗ್ಗೆ ಶೇವ್ ಮಾಡಿಕೊಳ್ಳುತ್ತ ಗಲ್ಲ ಉಬ್ಬಿಸಿ ಗುನುಗುತ್ತಿದ್ದವರು... ಆ ಸದ್ದು ನಿಂತ ಮನೆಯಲ್ಲಿ ಹತ್ತೊಂಬತ್ತರ ನನಗೆ ಉಸಿರು ಕಟ್ಟುತ್ತಿತ್ತು. ಕ್ಲಾಸು ಅರ್ಧ ಗಂಟೆ ಜಾಸ್ತಿಯಾಯಿತೆಂದು ಸುಳ್ಳು ಹೇಳಿ ಅಂಗಡಿಗೆ ಹೋಗಿ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದೆ. ಕ್ಯಾಸೆಟ್ ಅಣ್ಣ ಒಂದು ದಿನವೂ 'ನಿಮಗೆ ಮನೆಯಲ್ಲಿ ಕೆಲಸವಿಲ್ಲವೇ' ಎಂದು ಕೇಳಲಿಲ್ಲ.

ಡಿಸೆಂಬರ್ ಬಂತೆಂದರೆ ಅವರದೊಂದು ಪದ್ಧತಿಯಿತ್ತು. ವರ್ಷವಿಡೀ ಬಂದ ಚೀಟಿಗಳನ್ನು ಗೋಡೆಗೆ ನೇತುಹಾಕಿದ ತಂತಿಗೆ ಚುಚ್ಚಿಡುತ್ತಿದ್ದರು. ವರ್ಷದ ಕೊನೆಗೆ ಅವನ್ನು ಇಳಿಸಿ, ಆ ವರ್ಷ ಬಂದ ಹಾಡುಗಳಲ್ಲಿ ನಮ್ಮ ಕಡೆಯ ಜನ ಹೆಚ್ಚಾಗಿ ಕೇಳಿದ್ದನ್ನು ಆರಿಸಿ 'ವರ್ಷದ ಕ್ಯಾಸೆಟ್' ಮಾಡುತ್ತಿದ್ದರು. ಎರಡೂ ಕಡೆ ಸೇರಿ ಒಂದು ಗಂಟೆ, ಹದಿನಾಲ್ಕು ಹಾಡು. ಯಾವ ಹಾಡನ್ನೂ ನಡುವೆ ಕತ್ತರಿಸುವ ಹಾಗಿಲ್ಲ. ಮೊದಲನೆಯದು ದೇವರ ಹಾಡು; ಅದು ಮಾತ್ರ ಯಾವ ವರ್ಷದ್ದಾದರೂ ಆದೀತು, ದೇವರಿಗೆ ಯಾವ ವರ್ಷ? ಮುಂದಿನ ಹನ್ನೆರಡು ಜನರ ಆಯ್ಕೆ. ಕೊನೆಯದು, ಇಡೀ ವರ್ಷದಲ್ಲಿ ಒಬ್ಬರೇ ಒಬ್ಬರು ಕೇಳಿದ ಹಾಡು. ಈ ಕಟ್ಟಳೆಯನ್ನು ಮಾಡಿದವರೂ ಅವರೇ, ಪಾಲಿಸುತ್ತಿದ್ದವರೂ ಅವರೇ.

ಆ ಸಲ ಆರಿಸಲು ನನ್ನನ್ನೂ ಕೂರಿಸಿಕೊಂಡರು. ಒಂದು ಶನಿವಾರ ಮಧ್ಯಾಹ್ನ ಚಾಪೆಯ ಮೇಲೆ ಚೀಟಿಗಳ ಗುಡ್ಡೆ ಹಾಕಿಕೊಂಡು ಜಗಳಕ್ಕೆ ಕುಳಿತೆವು. ಒಂದು ಡಿಸ್ಕೋ ಹಾಡಿಗೆ ಎಲ್ಲಕ್ಕಿಂತ ಹೆಚ್ಚು ಚೀಟಿಗಳಿದ್ದವು. ಅದು ಹಾಡಲ್ಲ, ಪಾತ್ರೆ ಬಿದ್ದ ಸದ್ದು ಎಂದೆ. "ಇರ್ಲಿ ಬಿಡಿ, ಈ ವರ್ಷ ಇಷ್ಟೊಂದ್ ಮನೇಲಿ ಪಾತ್ರೆ ಬಿದ್ದಿದೆಯಲ್ಲ" ಎಂದು ಅದನ್ನು ಎತ್ತಿಟ್ಟರು. ತಮಿಳಿನದೊಂದು, ಹಿಂದಿಯದೊಂದು ಸೇರಿದವು. ಚಹಾ ಬಂತು. ಎಷ್ಟೋ ತಿಂಗಳ ಮೇಲೆ ನಾನು ಅಷ್ಟು ಹೊತ್ತು ನಕ್ಕಿದ್ದು ಅಂದೇ.

ಹದಿಮೂರು ಮುಗಿಯಿತು. ಅವರು ತಂತಿಯ ಮೇಲೆ ಬೇರೆಯಾಗಿಯೇ ಇಟ್ಟಿದ್ದ ಒಂದು ಚೀಟಿ ತೆಗೆದು ನನ್ನ ಕೈಗೆ ಕೊಟ್ಟರು. "ಇದು ಈ ವರ್ಷದ ಹದಿನಾಲ್ಕನೇದು."

ದಿನದ ಕ್ಯಾಲೆಂಡರಿನಿಂದ ಹರಿದ ಹಾಳೆ. ಅದರ ಬೆನ್ನಿಗೆ, ನೆತ್ತಿಯ ಮೇಲೆ 'ಶ್ರೀ', ಅದರ ಕೆಳಗೆ ಕನ್ನಡ ಅಂಕಿಯಲ್ಲಿ ಒಂದು, ಮುಂದೆ ಒಂದು ಹಾಡಿನ ಮೊದಲ ಸಾಲು. ಅಷ್ಟೆ. ಹೆಸರಿಲ್ಲ, ವಿಳಾಸವಿಲ್ಲ. ದಿನಸಿ ಚೀಟಿಗೂ, ಅಗಸನ ಬಟ್ಟೆಯ ಲೆಕ್ಕಕ್ಕೂ ನೆತ್ತಿಗೆ ಶ್ರೀ ಹಾಕಿ, ಕ್ಯಾಲೆಂಡರಿನ ಒಂದು ಹಾಳೆಯನ್ನೂ ಹಾಳುಮಾಡದೆ ಬರೆಯುವ ಕೈ ನನಗೆ ಗೊತ್ತಿತ್ತು. ಅಮ್ಮ! ಹಾಡೂ ಗೊತ್ತಿತ್ತು. ಅಪ್ಪ ಹೋಗುವ ಮೊದಲಿನ ಒಂದೂವರೆ ತಿಂಗಳು ಕನ್ನಡಿಯ ಮುಂದೆ ಗುನುಗಿದ್ದು ಅದನ್ನೇ. ಒಂದೇ ವಾರ ಓಡಿದ ಸಿನಿಮಾದ ಹಾಡು.

ನನ್ನ ಮುಖಕ್ಕೆ ರಕ್ತ ಏರಿತು. ಗಂಡ ಹೋಗಿ ವರ್ಷ ತುಂಬದ ಹೆಂಗಸು ಸಿನಿಮಾ ಹಾಡು ಕೇಳಿಕೊಂಡು ಅಂಗಡಿ ಮೆಟ್ಟಿಲು ಹತ್ತಿದಳೆಂದು ಗೊತ್ತಾದರೆ ನಮ್ಮ ರಸ್ತೆಯ ಬಾಯಿಗಳು ಸುಮ್ಮನಿರುತ್ತವೆಯೇ? "ಇದು ಬೇಡ. ಚೆನ್ನಾಗಿಲ್ಲ. ಬೇರೆ ಹಾಕಿ" ಎಂದೆ.

"ಚೆನ್ನಾಗಿದ್ಯೋ ಇಲ್ವೋ ಅನ್ನೋದು ಬೇರೆ ಮಾತು. ಒಬ್ಬರು ಕೇಳಿದಾರಲ್ಲ."

"ಒಬ್ಬರಿಗೋಸ್ಕರ ಎಲ್ಲರೂ ಯಾಕೆ ಕೇಳ್ಬೇಕು?"

ಅವರು ಸಿಟ್ಟಾಗಲಿಲ್ಲ. ಪೆನ್ಸಿಲನ್ನು ಕಿವಿಯಿಂದ ತೆಗೆದು ಕೆಳಗಿಟ್ಟರು. "ನೋಡೀಮ್ಮ, ಎಲ್ಲರೂ ಕೇಳೋದನ್ನ ಯಾವ ಅಂಗಡೀಲಾದ್ರೂ ಕೊಡ್ತಾರೆ. ಶ್ರಾವಣದಲ್ಲಿ ಬಂದಿದ್ರು ಆ ಯಮ್ಮ. ಬರೀ ಒಂದ್ ಹಾಡು ಸಾಕು ಅಂದ್ರು. ಮಿಕ್ಕಿದ್ದಕ್ಕೆ ಏನ್ ತುಂಬ್ಲಿ ಅಂದೆ. ಏನೂ ಬೇಡ, ಖಾಲಿ ಇರ್ಲಿ ಅಂದ್ರು. ನಾಡಿದ್ದು ಬರ್ತೀನಿ ಅಂತ ಹೋದವ್ರು ಬರ್ಲೇ ಇಲ್ಲ. ಈ ಕ್ಯಾಸೆಟ್‌ನಲ್ಲಾದ್ರೂ ಹಾಕಿದ್ರೆ, ಎಲ್ಲೋ ಅವ್ರ ಕಿವಿಗೆ ಬೀಳುತ್ತಲ್ವಾ?"

ನನಗೆ ಅಳು ಬಂದುಬಿಟ್ಟಿತು. ಅದು ನಮ್ಮಮ್ಮ ಎಂದೆ. ಅವರು ಎದ್ದು, ಒಳಗಿನ ಕಪಾಟಿನಿಂದ ಕಾಗದದಲ್ಲಿ ಸುತ್ತಿದ ಕ್ಯಾಸೆಟ್ ತಂದುಕೊಟ್ಟರು. ನಾಲ್ಕು ತಿಂಗಳಿಂದ ಅದನ್ನು ಧೂಳು ಹಿಡಿಯದ ಹಾಗೆ ಇಟ್ಟಿದ್ದರು. ಚೀಟಿಯನ್ನೂ ಹಿಂದಕ್ಕೆ ಕೊಟ್ಟು, "ಹಾಡು ಇರ್ಲೋ ಬೇಡ್ವೋ, ಈಗ ನೀವೇ ಹೇಳಿ. ಯಾರ್ದು ಅಂತ ನನ್ ಬಾಯಿಂದ ಬರಲ್ಲ" ಎಂದರು. ಇರಲಿ ಎಂದೆ.

ಮನೆಗೆ ಬಂದು ಕ್ಯಾಸೆಟ್ಟನ್ನು ಅಮ್ಮನ ಮುಂದಿಟ್ಟೆ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತದೆ, "ನೀನ್ ಯಾಕೆ ಹೋಗಿದ್ದೆ ಅಲ್ಲಿಗೆ?" ಎಂದಳು.

"ನೀನ್ ಯಾಕೆ ಹೋಗಿದ್ದೆ?"

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತಂತೆ. ನಮ್ಮ ಮನೆಯಲ್ಲಿ ಬೆಕ್ಕುಗಳು ಎರಡಿದ್ದವು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ವರ್ಷ ತುಂಬ್ಲಿ" ಎಂದು ಅದನ್ನು ಬೇಳೆ ಡಬ್ಬದ ಹಿಂದೆ ಇಟ್ಟಳು.

ಜನವರಿಯಿಂದ ವರ್ಷದ ಕ್ಯಾಸೆಟ್ ಎಲ್ಲ ಕಡೆ ಕೇಳತೊಡಗಿತು. ಬೇಕರಿಯಲ್ಲಿ, ಕ್ಷೌರದಂಗಡಿಯಲ್ಲಿ, ಇಸ್ತ್ರಿಯವರ ತಳ್ಳುಗಾಡಿಯಲ್ಲಿ... ಡಿಸ್ಕೋ ಮುಗಿದು, ತಮಿಳು ಹಿಂದಿ ಮುಗಿದು, ಕೊನೆಗೆ ಅಪ್ಪನ ಹಾಡು. ಯಾರೂ ಕೇಳದಿದ್ದ ಹಾಡನ್ನು ಫೆಬ್ರವರಿಯ ಹೊತ್ತಿಗೆ ಬೇಕರಿಯವರು ಬನ್ನು ಕತ್ತರಿಸುತ್ತ ಗುನುಗುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ಅಮ್ಮ ಮಾತ್ರ ಬೇಕರಿಯ ರಸ್ತೆ ಬಿಟ್ಟು ಸುತ್ತಿಬಳಸಿ ತರಕಾರಿಗೆ ಹೋಗುತ್ತಿದ್ದಳು. ವರ್ಷ ತುಂಬುವ ಮೊದಲು ಕಿವಿಗೆ ಬೀಳಬಾರದೆಂದು.

ಅಪ್ಪನ ವರ್ಷದ ಕಾರ್ಯ ಮುಗಿದ ಎರಡನೆಯ ದಿನ ಟವೆಲ್ ತೆಗೆದು, ಕ್ಯಾಸೆಟ್ ಹಾಕಿ, ಗುಂಡಿಯನ್ನು ತಾನೇ ಒತ್ತಿದಳು. ತಲೆ ವಾಲಿಸಿ ಪೂರ್ತಿ ಕೇಳಿದಳು. ಅಳುತ್ತಾಳೆಂದು ನಾನು ಸಿದ್ಧಳಾಗಿ ಕುಳಿತಿದ್ದೆ. "ಇದಲ್ಲ ಕಣೇ" ಎಂದಳು. "ರಾಗ ತಪ್ಪು. ನಿಮ್ಮಪ್ಪ ಹಿಂಗೆ ಹಾಡ್ತಿರ್ಲಿಲ್ಲ."

ಇದನ್ನು ಕೇಳಿ ಕ್ಯಾಸೆಟ್ ಅಣ್ಣ ಪೆನ್ಸಿಲ್ ಬೀಳುವಷ್ಟು ನಕ್ಕರು. ನಕ್ಕು ಮುಗಿಸಿ ಹೇಳಿದರು, "ಹಾಗಾದ್ರೆ ಅಮ್ಮನ್ನ ಒಂದ್ಸಲ ಕರ್ಕೊಂಡ್ ಬನ್ನಿ. ಅಪ್ಪ ಹೇಗ್ ಹಾಡ್ತಿದ್ರೋ ಹಾಗೇ ಹಾಡ್ಲಿ, ನಾನು ಮೈಕ್ ಇಟ್ಟು ಹಿಡ್ಕೋತೀನಿ. ಹೆಂಗೂ ಐವತ್ತಾರು ನಿಮಿಷ ಖಾಲಿ ಇದೆ." ಆಮೇಲೂ ಎರಡು ಸಲ ನೆನಪಿಸಿದರು. ಅಮ್ಮ "ಹೋಗೇ, ನಾನು ಹಾಡೋದಾ" ಎಂದು ನಾಚಿಕೊಂಡಳು. ನಾನೂ ಒತ್ತಾಯ ಮಾಡಲಿಲ್ಲ. ಕೆಲಸ ಸಿಕ್ಕಿತು, ಮದುವೆಯಾಗಿ ಕೆಂಗೇರಿಗೆ ಬಂದೆ. ಒಮ್ಮೆ ತವರಿಗೆ ಹೋದಾಗ ಅಂಗಡಿಯಿದ್ದ ಜಾಗದಲ್ಲಿ ಔಷಧಿ ಅಂಗಡಿ ಇತ್ತು. ಕ್ಯಾಸೆಟ್ ಅಣ್ಣ ಊರಿಗೆ ಹೋದರಂತೆ, ಆಮೇಲೆ ಹೋಗಿಯೇಬಿಟ್ಟರಂತೆ ಎಂದು ಬೇಕರಿಯವರು ಹೇಳಿದರು. ಅಮ್ಮ ಹೋಗಿ ಎಂಟು ವರ್ಷವಾಯಿತು.

ಲ್ಯಾಬಿನಿಂದ ಬಂದವಳೇ ಆ ಕ್ಯಾಸೆಟ್ ಹುಡುಕಿ ತೆಗೆದೆ. ಹಾಕಲು ಯಂತ್ರವಿಲ್ಲ. ಹಾಡೇನೋ ಫೋನಿನಲ್ಲಿ ಸಿಕ್ಕಿತು, ಎಡಗಡೆ ಬಲಗಡೆ ಎರಡೂ ಸ್ವಚ್ಛವಾಗಿ. ಕೇಳಿದ ಮೇಲೆ ಅಪ್ಪನ ಹಾಗೆ ಗಲ್ಲ ಉಬ್ಬಿಸಿಕೊಂಡು, ಅವರು ಹಾಡುತ್ತಿದ್ದ ಹಾಗೆ ಗುನುಗಲು ನೋಡಿದೆ. ಎಷ್ಟು ಸಲ ಶುರುಮಾಡಿದರೂ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಸಿನಿಮಾದ ರಾಗಕ್ಕೇ ಜಾರುತ್ತದೆ... ಅಪ್ಪನ ತಪ್ಪು ರಾಗ ನನಗೆ ಮರೆತುಹೋಗಿದೆ. ಅದು ಅಮ್ಮನಿಗೆ ಬರುತ್ತಿತ್ತು. ಕ್ಯಾಸೆಟ್ ಅಣ್ಣ ಮೂರು ಸಲ ಕರೆದಿದ್ದರು.