ಚೌಕದೊಳಗಿನ ಬಳಚು

ಒಂದು ಪಾಲು ಬಳಚಿಗೆ ನೂರೈವತ್ತು ರೂಪಾಯಿ ಕೊಟ್ಟೆ. ಹೋದ ವಾರ, ಕುಮಟೆಯ ಮೀನುಪೇಟೆಯಲ್ಲಿ, ಚೌಕಾಶಿಯ ಒಂದು ಮಾತೂ ಆಡದೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಹಳೆಯ ದೋಣಿ ಎಂಜಿನ್ನು, ಹಳೆಯ ಫ್ರಿಜ್ಜು, ಹಳೆಯ ಬಲೆ ಕೊಂಡು ಮಾರಿ ಶರಾವತಿ ದಡದ ನಮ್ಮೂರು ಕಾಸರಕೋಡಿನಲ್ಲಿ ಮಹಡಿಮನೆ ಕಟ್ಟಿದವನು ನಾನು. ಹೇಳಿದ ಬೆಲೆಗೇ ವಸ್ತು ತಂದ ದಿನ ನನಗೆ ಊಟ ಸೇರುವುದಿಲ್ಲ. ಆದರೆ ಮಾರುವ ಹೆಂಗಸು ಬಳಚನ್ನು ನನ್ನ ಚೀಲಕ್ಕೆ ಸುರಿಯುವಾಗ ಗುಡ್ಡೆಯ ಅಡಿಯಿಂದ ಉಗುರಿನಷ್ಟು ಚಿಕ್ಕವು ಒಂದಿಷ್ಟು ಉರುಳಿ ಬಂದವು. "ಸಣ್ಣದು ಸೇರ್ಕಂಡದೆ, ಬೇಕಾರೆ ಇಪ್ಪತ್ತು ಕಮ್ಮಿ ಕೊಡಿ" ಎಂದು ಅವಳೇ ಹೇಳಿದಳು. ನಾನು ಪೂರ್ತಿ ಕೊಟ್ಟು ಬಸ್ ಹತ್ತಿದೆ. ಹಳದೀಪುರ ದಾಟುವವರೆಗೂ ಚೀಲವನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದೆ. ನೀರು ಸೋರಿ ಪಂಚೆ ಒದ್ದೆಯಾದದ್ದೂ ಗೊತ್ತಾಗಲಿಲ್ಲ.

ಘಟ್ಟದ ಮೇಲಿನ ಓದುಗರಿಗೆ ಬಳಚು ಎಂದರೇನೆಂದು ಹೇಳಿಬಿಡಬೇಕು. ಹೊಳೆ ಸಮುದ್ರ ಸೇರುವಲ್ಲಿ, ಉಪ್ಪುನೀರಿನ ಅಡಿಯ ಮರಳು ಕೆಸರಿನಲ್ಲಿ ಬದುಕುವ ಎರಡು ಚಿಪ್ಪಿನ ಪ್ರಾಣಿ ಅದು. ಹೆಂಗಸರು ಎದೆಮಟ್ಟದ ನೀರಿಗಿಳಿದು, ಕಾಲಿನಿಂದ ತಡಕಿ, ಮುಳುಗಿ ತೆಗೆಯುತ್ತಾರೆ. ನಮ್ಮ ಮನೆಯ ಹಿಂದೆಯೇ ಶರಾವತಿ. ಹಿತ್ತಲ ಮೆಟ್ಟಿಲ ಮೇಲೆ ಕೂತರೆ ಇಳಿತದ ಹೊತ್ತಿಗೆ ನೀರಿನ ಮೇಲೆ ಬರೀ ತಲೆಗಳು ಕಾಣುತ್ತಿದ್ದವು, ಮಾತಾಡುವ, ನಗುವ, ಆಗಾಗ ಮಾಯವಾಗುವ ತಲೆಗಳು. ಕಾಣುತ್ತಿದ್ದವು ಎಂದೇ ಬರೆಯಬೇಕು ಈಗ.

ಈ ಬಳಚಿನ ಮೇಲೆ ಓದಲು ಸುರೇಖಾ ಎಂಬ ಹುಡುಗಿ ಗದಗಿನ ಕಡೆಯಿಂದ ನಮ್ಮೂರಿಗೆ ಬಂದಳು. ಪಿಎಚ್‌ಡಿ ಮಾಡುತ್ತಿದ್ದಳು. ನಮ್ಮ ಮಹಡಿಯ ಕೋಣೆ ಖಾಲಿ ಇತ್ತು. ಬಾಡಿಗೆ ಹೇಳಿದೆ. ಎದುರು ಮಾತಿಲ್ಲದೆ ಒಪ್ಪಿಕೊಂಡಳು. ನನಗೆ ಬೇಸರವೇ ಆಯಿತು. ಚೌಕಾಶಿ ಮಾಡದವರ ಜೊತೆ ವ್ಯವಹಾರ ಮಾಡಿದರೆ ಗೋಡೆಯ ಜೊತೆ ಚೆಂಡಾಟ ಆಡಿದಂತೆ. ಕೊನೆಗೆ ನಾನೇ ನನ್ನೊಡನೆ ಚೌಕಾಶಿ ಮಾಡಿ ಒಂದಿಷ್ಟು ಇಳಿಸಿದೆ.

"ಬಳಚಿನ ಮೇಲೆ ಓದುದು ಎಂತ ಅದೆ?" ಎಂದು ಕೇಳಿದೆ.

"ಎಷ್ಟು ಅದಾವ, ಎಷ್ಟು ದೊಡ್ಡವು ಅದಾವ, ಹೊಸಾವು ಹುಟ್ಟಾಕತ್ತಾವೋ ಇಲ್ಲೋ, ಅದನ್ನ ನೋಡೋದ್ರಿ ಕಾಕಾ."

"ತಿಂತ್ಯೋ?"

"ಛೇ, ನಾವು ತಿನ್ನಂಗಿಲ್ರಿ."

ಹಾಗಾಗಿ ಅವಳು ಅಳೆದು ಮುಗಿಸಿದ ಬಳಚು ನಮ್ಮ ಅಡಿಗೆಮನೆಗೆ ಬರುತ್ತಿತ್ತು. ನಮ್ಮನೆಯವಳು ಕಾಯಿ ಹುರಿದು ಸುಕ್ಕ ಮಾಡುತ್ತಿದ್ದಳು. ವಿಜ್ಞಾನದಿಂದ ಸಾಮಾನ್ಯ ಮನುಷ್ಯನಿಗೆ ಏನು ಉಪಯೋಗ ಎಂದು ಯಾರಾದರೂ ಕೇಳಿದರೆ ಆ ವರ್ಷಗಳಲ್ಲಿ ನನ್ನ ಬಳಿ ಉತ್ತರವಿತ್ತು.

ಅವಳ ಕೆಲಸದ ರೀತಿ ಸರಳ. ಕಬ್ಬಿಣದ ಸರಳಿನ ಒಂದು ಚೌಕ ಇತ್ತು, ಕಿಟಕಿಯ ಒಂದು ಕದದಷ್ಟು ಅಗಲ. ಅದನ್ನು ಹೊಳೆಯ ತಳಕ್ಕೆ ಬಿಡಬೇಕು. ಚೌಕದೊಳಗೆ ಏನು ಬಿತ್ತೋ ಅಷ್ಟನ್ನೂ ಎತ್ತಿ ತರಬೇಕು: ದೊಡ್ಡದು, ಸಣ್ಣದು, ಸತ್ತ ಚಿಪ್ಪು, ಎಲ್ಲ. ದಡದ ಹತ್ತಿರ ಅವಳೇ ಇಳಿಯುತ್ತಿದ್ದಳು. ಆಳದ ಕಡೆಗೆ ಮಾದೇವಿ ಬೇಕಾಯಿತು. ಮಾದೇವಿ ನಮ್ಮ ಕೇರಿಯ ಹೆಂಗಸು, ಸಣ್ಣ ವಯಸ್ಸಿನಿಂದ ಅದೇ ಹೊಳೆಯಲ್ಲಿ ಮುಳುಗಿದವಳು. ಸುರೇಖಾ ದೋಣಿಯಲ್ಲಿ ಕೂತು ಚೌಕ ಬಿಡುವುದು, ಮಾದೇವಿ ಮುಳುಗಿ ಬುಟ್ಟಿ ತುಂಬಿ ತರುವುದು. ಮೊದಲ ದಿನ ಸುರೇಖಾ ಬಿಡಿಸಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಮಾದೇವಕ್ಕ, ಒಳಗಿದ್ದದ್ದು ಎಲ್ಲಾ ಬೇಕ್ರಿ. ಒಂದೂ ಬಿಡಬ್ಯಾಡ್ರಿ, ಹೊರಗಿಂದು ಒಂದೂ ಬ್ಯಾಡ್ರಿ."

"ಆತು ತಂಗಿ, ಆತು. ನೀ ತಲೆಬಿಸಿ ಮಾಡ್ಕಣಬೇಡ" ಎಂದಳು ಮಾದೇವಿ.

ಮೂರು ವರ್ಷ ಹೀಗೆ ನಡೆಯಿತು. ಮಳೆಗಾಲದಲ್ಲಿ ಊರಿಗೆ ಹೋಗುವಳು, ದಸರೆಯ ಹೊತ್ತಿಗೆ ಬರುವಳು. ಸಂಜೆ ಮಹಡಿಯ ಜಗಲಿಯಲ್ಲಿ ಕೂತು ಒಂದೊಂದೇ ಬಳಚನ್ನು ಸ್ಟೀಲಿನ ಅಳತೆಕಡ್ಡಿಯ ಬಾಯಿಗೆ ಸಿಕ್ಕಿಸಿ ಅಂಕಿ ಹೇಳುವಳು. ಬಿಡುವಿದ್ದಾಗ ನಾನೇ ಬರೆದುಕೊಳ್ಳುತ್ತಿದ್ದೆ. ನನಗೆ ಅದೊಂದು ಮೋಜು. ನನ್ನ ವ್ಯಾಪಾರದಲ್ಲಿ ಎಲ್ಲ ಅಂಕಿಗೂ ಎರಡು ಮುಖ, ಕೇಳುವುದು ಒಂದು, ಕೊಡುವುದು ಇನ್ನೊಂದು. ಅವಳ ಅಂಕಿಗೆ ಒಂದೇ ಮುಖ. ಒಮ್ಮೆ ನಾನು, "ಅರ್ಧ ಮಿಲಿಮೀಟರು ಆಚೆ ಈಚೆ ಆದ್ರೆ ಎಂತ ಕೊಳ್ಳೆ ಹೋತದೆ?" ಅಂದೆ. ಅವಳು ನಕ್ಕು ಅದೇ ಬಳಚನ್ನು ಮತ್ತೊಮ್ಮೆ ಅಳೆದಳು.

ಭಟ್ಕಳದಲ್ಲಿ ನನಗೊಬ್ಬ ಹಳೆಯ ಸಾಮಾನಿನ ವ್ಯಾಪಾರಿ ಪರಿಚಯ, ನವಾಯತ ಮುಸ್ಲಿಮರು. ಅವರಿಂದ ಎಂಜಿನ್ನು ಕೊಳ್ಳಲು ಹೋದರೆ ಮೊದಲು ಚಹಾ, ಆಮೇಲೆ ಎಂಜಿನ್ನಿನ ಎಲ್ಲ ರೋಗಗಳ ಪಟ್ಟಿ. "ಭಾಯಿ, ಇದರ ಪಂಪು ಹೋಗಿದೆ, ಇದು ತಣ್ಣಗಿದ್ದಾಗ ಸುರುವಾಗೂದಿಲ್ಲ" ಎಂದು ಅವರೇ ಹೇಳುವುದು. ನನಗೆ ಮೊದಮೊದಲು ಗುಮಾನಿ. ಆಮೇಲೆ ಅರ್ಥವಾಯಿತು, ಇಷ್ಟು ಹೇಳಿದ ಮೇಲೆ ಅವರು ಕೇಳುವ ಬೆಲೆಯನ್ನು ಒಡೆಯಲು ಜಾಗವೇ ಇರುವುದಿಲ್ಲ. ನಮ್ಮ ಕೇರಿಯ ಸ್ವಭಾವ ಇದರ ತದ್ವಿರುದ್ಧ. ಮನೆಗೆ ಬಂದವರಿಗೆ ನಮ್ಮಲ್ಲಿ ಯಾರೂ ಕೆಟ್ಟದ್ದು ತೋರಿಸುವುದಿಲ್ಲ. ಮೀನು ಕೊಡುವಾಗ ಪರಿಚಯದವರ ಬುಟ್ಟಿಗೆ ದೊಡ್ಡದು ಹಾಕಿ ಮೇಲೊಂದು ಕೊಸರು ಹಾಕುತ್ತಾರೆ. ಇದು ಲೆಕ್ಕವಲ್ಲ, ಮರ್ಯಾದೆ. ಇಂಥ ಊರಿಗೆ ಆ ಹುಡುಗಿ ಚೌಕ ಹಿಡಿದುಕೊಂಡು ಬಂದಿದ್ದಳು.

ಮೂರನೆಯ ವರ್ಷದ ಕೊನೆಗೆ ಅವಳ ಬರವಣಿಗೆ ಮುಗಿಯಿತು. ಅವಳು ಕಂಡುಹಿಡಿದದ್ದು ಸಣ್ಣ ವಿಷಯವಲ್ಲ. ಆಳದ ಹಾಸಿನಲ್ಲಿ, ಎಂದರೆ ಬಳಚು ನೆಲೆಸುವ ಹೊಳೆತಳದಲ್ಲಿ, ಅದು ದಟ್ಟವಾಗಿದೆ, ಆದರೆ ಎಲ್ಲ ಬಲಿತವು, ಮರಿಗಳೇ ಇಲ್ಲ. ಅಂದರೆ ಹೊಸ ಪೀಳಿಗೆ ಹುಟ್ಟುತ್ತಿಲ್ಲ, ಮುದುಕರೇ ತುಂಬಿದ ಊರಿನ ಹಾಗೆ. ಅವಳ ಗೈಡಿಗೆ ಬಹಳ ಖುಷಿಯಾಗಿತ್ತು. ಹೊರದೇಶದ ಪತ್ರಿಕೆಗೆ ಕಳಿಸೋಣ ಎಂದಿದ್ದರಂತೆ. ಮುಂದೆ ಕೆಲಸವೂ ಸಿಗುವ ಹಾಗಿತ್ತು.

ಹೊರಡುವ ಮುನ್ನಾದಿನ ಮಧ್ಯಾಹ್ನ ನಮ್ಮನೆಯಲ್ಲಿ ಊಟ. ಮಾದೇವಿಯನ್ನೂ ಕರೆದಿದ್ದೆವು. ಅವಳು ಮಲ್ಲಿಗೆ ಮುಡಿದು, ಇಸ್ತ್ರಿ ಹಾಕಿದ ಸೀರೆಯುಟ್ಟು ಬಂದಳು. ಸುರೇಖಾಗೆಂದು ಹೋಳಿಗೆ, ನಮಗೆ ಎಂದಿನದು. ಎಲೆಯ ಮೇಲೆ ಬಳಚಿನ ಸುಕ್ಕ ಬಿದ್ದದ್ದೇ ಮಾದೇವಿಗೆ ಮಾತು ಹತ್ತಿತು.

"ಏ ತಂಗಿ, ಮೂರು ವರ್ಷದಲ್ಲಿ ನಿಂಗೆ ಒಂದಾದ್ರೂ ಹಾಳು ಬಳಚು ಕೊಟ್ಟಿದ್ನಾ ಹೇಳು."

ಸುರೇಖಾ ನಕ್ಕಳು. "ಇಲ್ರಿ ಮಾದೇವಕ್ಕ."

"ಮತ್ತೆ? ಉಳಿದೋರಿಗೆ ಆದ್ರೆ ಹೆಂಗೋ ಆತದೆ. ನೀ ಅಪ್ಪ ಅಮ್ಮನ್ನ ಬಿಟ್ಟು ಬಂದವಳು. ನಿಂಗೆ ಸಣ್ಣದು ಕೊಡೂಕೆ ಮನಸಾದ್ರೂ ಬಪ್ಪುದು ಹೆಂಗೆ? ಸಣ್ಣದ್ನ ಅಲ್ಲೇ ಬಿಟ್ಟು ಬತ್ತಿದ್ದೆ. ಕೆಲವು ಸಲ ಆ ಚೌಕದೊಳಗೆ ಎಂತಾ ಇರೂದಿಲ್ಲ. ನೀ ಬಿಸಿಲಲ್ಲಿ ಕೂತದ್ದು ದಂಡ ಆಗ್ಬಾರ್ದು ಅಂತ ಬದಿಂದ ನಾಕು ಹಿಡಿ ತಂದು ಹಾಕ್ತಿದ್ದೆ. ನಿಂಗೆ ಗೊತ್ತೇ ಆಗ್ಲಿಲ್ಲ ಅಲ್ದಾ?"

ನಮ್ಮನೆಯವಳು ಜೋರಾಗಿ ನಕ್ಕಳು. ನಾನೂ ನಕ್ಕೆ. ಮಾದೇವಿಯಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಬಹಳ ದಿನ ಬಚ್ಚಿಟ್ಟ ಉಡುಗೊರೆಯನ್ನು ಕೊನೆಗೂ ಕೊಟ್ಟವರ ಹಾಗೆ. ಸುರೇಖಾಳ ಕೈ ಹೋಳಿಗೆಯ ಮೇಲೆ ನಿಂತಿತ್ತು.

"ಯಾವಾಗ್ಲೂ ಹಂಗೇ ಮಾಡ್ತಿದ್ರೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಯಾವಾಗ್ಲೂವಾ" ಎಂದಳು ಮಾದೇವಿ, ಅಭಿಮಾನದಿಂದ.

"ಸಣ್ಣವು ಇದ್ದುವೇನ್ರಿ ಅಲ್ಲೆ?"

"ರಾಶಿ ಇದ್ದೋ. ಕಾಲಿಗೆ ಅಕ್ಕಿ ತಾಗಿದಂಗೆ ತಾಗ್ತೋ."

ಆ ಹುಡುಗಿ ಏನು ಮಾಡಿದಳು ಗೊತ್ತೇ? ಎಲೆಯ ಮೇಲಿದ್ದದ್ದನ್ನು ಪೂರ್ತಿ ಉಂಡಳು. ಮಾದೇವಿಗೆ ಒಂದು ಸೀರೆ ತಂದಿದ್ದಳು; ಅದನ್ನು ಕೊಟ್ಟು ಕಾಲು ಮುಟ್ಟಿದಳು. ಮಾದೇವಿ ಹೋದ ಮೇಲೆ ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ನಾನು ಹೋಗಿ ಮಾತಾಡಿಸಿದೆ. ಹದಗೆಟ್ಟ ವ್ಯವಹಾರಗಳನ್ನು ದಡ ಹತ್ತಿಸುವುದು ನನ್ನ ಕಸುಬು. "ನೋಡು ಮಗಾ, ಬಳಚನ್ನ ನಿನ್ನ ಪರೀಕ್ಷಕರು ಬಂದು ಎಣಿಸೂದಿಲ್ಲ. ಗೊತ್ತಿದ್ದೋರು ನಾವು ನಾಲ್ಕು ಜನ. ನಮ್ಮಿಂದ ಹೊರಗೆ ಹೋಗೂದಿಲ್ಲ" ಅಂದೆ.

"ನನಗ ಗೊತ್ತಾತಲ್ರಿ ಕಾಕಾ."

"ಗೊತ್ತಾದದ್ದು ನಿನ್ನೆ ಗೊತ್ತಿತ್ತಾ? ನಿನ್ನೆವರೆಗೆ ಬರೆದದ್ದು ನಿನ್ನೆಯ ಮಟ್ಟಿಗೆ ನಿಜ."

ನನ್ನ ಜೀವನದ ಅತ್ಯುತ್ತಮ ವಾದಗಳಲ್ಲಿ ಅದೂ ಒಂದು ಎಂದು ಈಗಲೂ ಅನ್ನಿಸುತ್ತದೆ. ಅವಳು ಅಂಕಿ ಬರೆದ ಪುಸ್ತಕವನ್ನು ಮುಚ್ಚಿಟ್ಟಳು. ಚೌಕಾಶಿಯಲ್ಲಿ ಎದುರಿನವರು ಇಷ್ಟು ಕೊಡುತ್ತೇನೆ ಎನ್ನಬೇಕು, ಇಲ್ಲವೇ ಕೊಡುವುದಿಲ್ಲ ಎನ್ನಬೇಕು. ಎರಡೂ ಅನ್ನದವರ ಮುಂದೆ ನನ್ನ ವಿದ್ಯೆ ನಡೆಯುವುದಿಲ್ಲ.

"ಮಾದೇವಿಗೆ ಹೇಳ್ತ್ಯೋ?"

"ಏನಂತ ಹೇಳ್ಲಿರಿ? ನೀವು ನನ್ನ ಮ್ಯಾಲೆ ಪ್ರೀತಿ ಇಟ್ಟಿದ್ದಕ್ಕ ಹಿಂಗಾತು ಅಂತನಾ?"

ಅವಳು ಗೈಡಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವರು ಕೆಟ್ಟವರಲ್ಲ. ಆಳದ ಲೆಕ್ಕ ಬಿಟ್ಟರೆ ಪ್ರಬಂಧವೇ ಉಳಿಯುವುದಿಲ್ಲ, ಇನ್ನೊಂದು ವರ್ಷ ಮತ್ತೆ ಅಳತೆ ಮಾಡು ಎಂದರಂತೆ. ಫೆಲೋಶಿಪ್ ಮುಗಿದಿತ್ತು. ಊರಲ್ಲಿ ಟ್ಯೂಷನ್ ಹೇಳಿ ಒಂದಿಷ್ಟು ಕೂಡಿಸಿಕೊಂಡು, ಮಳೆ ಕಳೆದ ಮೇಲೆ ಬಂದಳು. ಬಾಡಿಗೆ ಬೇಡ ಅಂದೆ. ಮೊದಲ ಬಾರಿಗೆ ಅವಳು ನನ್ನೊಡನೆ ಚೌಕಾಶಿ ಮಾಡಿದಳು, ಕೊಡುವುದಕ್ಕಾಗಿ.

ಆ ಮಳೆಗಾಲ ಹೊಳೆ ಕಡಲು ಸೇರುವ ತನ್ನ ಬಾಯಿಯನ್ನು ಬೇರೆಡೆಗೆ ತಿರುಗಿಸಿಕೊಂಡಿತ್ತು. ಕೆಂಪು ಹೂಳು ಬಂದು ಕೂತಿತ್ತು. ದಡದಲ್ಲಿ ನಿಂತವರಿಗೆ ನೀರು ಎಂದಿನ ನೀರೇ. ಮತ್ತೆ ಅಳೆಯಲು ಹೋದ ಮೊದಲ ದಿನ ದೋಣಿಯಲ್ಲಿ ನಾನೂ ಇದ್ದೆ. ಸುರೇಖಾ ಚೌಕ ಬಿಡುವ ಮೊದಲು ಮಾದೇವಿಯ ಕೈ ಹಿಡಿದುಕೊಂಡು ಹೇಳಿದಳು: ಈ ಸಲ ಇದ್ದದ್ದಷ್ಟೇ ಬೇಕು, ಸಣ್ಣದಾದರೂ ಬೇಕು, ಕೆಟ್ಟದಾದರೂ ಬೇಕು, ನೀವು ಹಾಗೆ ಮಾಡಿದರೇ ನನಗೆ ಉಪಕಾರ. ಯಾಕೆಂದು ಹೇಳಲಿಲ್ಲ. ಮಾದೇವಿ ಅವಳ ಮುಖವನ್ನು ಒಂದು ಕ್ಷಣ ನೋಡಿ ಮುಳುಗಿದಳು.

ಮೇಲೆ ಬಂದಾಗ ಬುಟ್ಟಿಯಲ್ಲಿ ಕೆಸರು. ತೊಳೆದರೆ ಎರಡು ಸತ್ತ ಚಿಪ್ಪು. ಇನ್ನೊಂದು ಕಡೆ ಚೌಕ ಬಿಟ್ಟೆವು. ಕೆಸರು. ಮತ್ತೂ ಆಚೆ. ಕೆಸರು. ಕೊನೆಗೆ ಮಾದೇವಿ ದೋಣಿಯ ಅಂಚು ಹಿಡಿದು ನೀರಿನಲ್ಲೇ ನಿಂತಳು.

"ಇಲ್ಲ ತಂಗಿ. ಎಂತದೂ ಇಲ್ಲ. ಈ ಸಲ ನೀ ಹೇಳ್ದಂಗೇ ತಂದಿದ್ದೆ."

ಸುರೇಖಾ ಆ ಎರಡು ಚಿಪ್ಪನ್ನೂ ಅಳೆದಳು. ನಾನು ಬರೆದುಕೊಂಡೆ.

ಈಗ ಆ ಹಾಸು ಯಾಕೆ ಸತ್ತಿತು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಕಾರಣ. ಮರಳು ತೆಗೆದದ್ದು ಎನ್ನುತ್ತಾರೆ, ಮೇಲಿನ ನೀರು ಎನ್ನುತ್ತಾರೆ, ಕಡಲು ಎನ್ನುತ್ತಾರೆ, ಹೆಂಗಸರು ತೆಗೆದು ತೆಗೆದು ಮುಗಿಸಿದರು ಎಂದೂ ಎನ್ನುತ್ತಾರೆ. ಇದಕ್ಕೆಂದೇ ಊರಲ್ಲಿ ಕರೆದ ಸಭೆಯಲ್ಲಿ ಒಬ್ಬ ಅಧಿಕಾರಿ, ಮೊದಲು ಎಷ್ಟಿತ್ತು ಎಂಬುದಕ್ಕೆ ದಾಖಲೆ ಏನಿದೆ ಎಂದು ಕೇಳಿದರು. ಹಾಸು ಬದುಕಿದ್ದಾಗ ಅದನ್ನು ಅಳೆದವಳು ಒಬ್ಬಳೇ, ಮತ್ತು ಅವಳ ಅಳತೆಯನ್ನು ನಂಬುವಂತಿಲ್ಲವೆಂದು ಅವಳೇ ಅಳಿಸಿಹಾಕಿದ್ದಳು. ಅಂದಿನ ಹೊಳೆ ಹೇಗಿತ್ತು ಎಂಬುದು ಇನ್ನು ಯಾರಿಗೂ, ಎಷ್ಟು ಓದಿದರೂ, ಗೊತ್ತಾಗುವುದಿಲ್ಲ. ನನ್ನ ಕಸುಬಿನಲ್ಲಿ ಯಾವ ಕೆಟ್ಟ ಎಂಜಿನ್ನಿಗೂ ಎಲ್ಲೋ ಒಂದು ಕಡೆ ಬಿಡಿಭಾಗ ಸಿಗುತ್ತದೆ. ಕಳೆದುಹೋದ ವರ್ಷಗಳಿಗೆ ಸಿಗುವುದಿಲ್ಲ.

ಸುರೇಖಾ ಪ್ರಬಂಧ ಒಪ್ಪಿಸಲಿಲ್ಲ. ಗದಗಿನಲ್ಲಿ ಒಂದು ಕೋಚಿಂಗ್ ಕ್ಲಾಸಿನಲ್ಲಿ ಜೀವಶಾಸ್ತ್ರ ಹೇಳುತ್ತಾಳೆ. ಹಬ್ಬಕ್ಕೊಮ್ಮೆ ಮೊಬೈಲಿಗೆ ಶುಭಾಶಯ ಬರುತ್ತದೆ. ಹೊಳೆಯ ಸುದ್ದಿ ಅವಳು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಮಾದೇವಿ ಸಿಗಡಿ ಸುಲಿಯುವ ಶೆಡ್ಡಿಗೆ ಹೋಗುತ್ತಾಳೆ. ಮೊನ್ನೆ ದಾರಿಯಲ್ಲಿ ಸಿಕ್ಕಳು.

"ಅಣ್ಣಾ, ಆ ತಂಗಿದು ಪಾಸಾತೇನೋ? ನಂದು ಬಳಚು ಉಪಯೋಗಕ್ಕೆ ಬಂತಾ?"

"ಬಂತು, ಬಂತು. ದೊಡ್ಡ ಹುದ್ದೆಯಲ್ಲಿದ್ದಾಳೆ" ಅಂದೆ. ಮಾದೇವಿಗೆ ಎಷ್ಟು ಸಂತೋಷವಾಯಿತೆಂದರೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮೊನ್ನೆಯೇ ಆರೋಗ್ಯದ ಸಮೀಕ್ಷೆಗೆಂದು ಇಬ್ಬರು ಹುಡುಗಿಯರು ಮನೆಗೆ ಬಂದರು. ನಮ್ಮನೆಯವಳು ಅಭ್ಯಾಸದಂತೆ, "ಎಲ್ಲಾ ಆರಾಮು, ದೇವರು ಚೊಲೋ ಇಟ್ಟಿದ್ದಾನೆ" ಎಂದಳು. ನಾನು ಒಳಗಿಂದ ಎದ್ದು ಬಂದು ನನ್ನ ಸಕ್ಕರೆ, ಅವಳ ಬಿಪಿ, ಅವಳು ಮಾತ್ರೆ ಬಿಟ್ಟದ್ದು, ನಾನು ಕದ್ದು ತಿನ್ನುವ ಜಿಲೇಬಿ, ಬಾವಿಯ ನೀರು ಉಪ್ಪಾದದ್ದು ಎಲ್ಲ ಬರೆಸಿದೆ. ಆ ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಹೊರಗಿನವರೆದುರು ಮನೆಯ ಮಾನ ಕಳೆದೆನಂತೆ.

ಇಷ್ಟು ಕೇಳಿದಿರಿ, ಒಂದು ಮಾತು ಹೇಳಿ ಬಿಡುತ್ತೇನೆ, ಇದಕ್ಕೆ ಶುಲ್ಕವಿಲ್ಲ. ನಿಮ್ಮೂರಿಗೂ ಯಾರಾದರೂ ಅಳೆಯುವುದಕ್ಕೆ ಬಂದೇ ಬರುತ್ತಾರೆ, ನೀರೋ ಮಣ್ಣೋ ರಕ್ತವೋ ಸಂಸಾರವೋ. ಅವರಿಗೆ ಕೊಸರು ಹಾಕಬೇಡಿ. ಕೇಳಿದ ಜಾಗದಿಂದ ಕೇಳಿದಷ್ಟೇ ಕೊಡಿ. ಖಾಲಿಯಿದ್ದರೆ ಖಾಲಿಯನ್ನೇ ಕೊಡಿ. ಪ್ರೀತಿ ತಡೆಯಲಾಗದಿದ್ದರೆ ಊಟಕ್ಕೆ ಕರೆಯಿರಿ, ಜೊತೆಗೆ ಕೆಲಸ ಮಾಡುವವರನ್ನೂ ಕೂರಿಸಿ, ಹೊಟ್ಟೆತುಂಬ ಮಾತಾಡಲು ಬಿಡಿ. ಆದರೆ ಆ ಊಟವನ್ನು ಅವರು ಹೊರಡುವ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಬಂದ ದಿನವೇ ಹಾಕಿ.